ಗೀರಿಲ್ಲದ ಎಂಜಿನ್

ಹೊಟ್ಟೆಪಾಡಿಗೆ ಅವನದು ಮೆಕ್ಯಾನಿಕ್ ಕೆಲಸ. ಅದು ಮುಗಿದ ಮೇಲೆ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಹಳೇ ಕಾರುಗಳ ಬಿಡಿಭಾಗಗಳಿಂದ ಮೇಜು, ಕುರ್ಚಿ, ದೀಪ ಮಾಡುತ್ತಿದ್ದ. ಬೀದಿಯವರ ಬಾಯಲ್ಲಿ ಅವನು ಗುಜರಿ ಮೇಷ್ಟ್ರು. "ನಮ್ಮನೇಲಿ ಯಾವುದರ ಮೇಲೆ ಕೂತರೂ ಹಾರ್ನ್ ಹೊಡೆಯುತ್ತೇನೋ ಅಂತ ಭಯ," ಎಂದು ಹೆಂಡತಿ ಬಂದವರ ಮುಂದೆ ನಗುತ್ತಿದ್ದಳು.

ಅವನ ಅಣ್ಣ ತೀರಿಕೊಂಡು ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಕರೆಸಿದರು. ಮನೆ ಮುಂದೆ ಅಣ್ಣನ ಕಾರು ಧೂಳು ಹಿಡಿದು ನಿಂತಿತ್ತು.

"ಇದನ್ನ ರಿಪೇರಿ ಮಾಡಿಕೊಡಪ್ಪ. ನಾನೇ ಓಡಿಸೋದು ಕಲೀತೀನಿ," ಅಂದರು.

ಅತ್ತಿಗೆ ಮನೆಮನೆಗೆ ಕಿಟಕಿ ಪರದೆ ಹೊಲಿದುಕೊಡುವವರು. ಬಟ್ಟೆಯ ಗಂಟು ಹೊತ್ತು ಎರಡೆರಡು ಬಸ್ಸು ಹತ್ತಿಳಿಯಬೇಕಿತ್ತು.

ಅವನು ಬಾನೆಟ್ ಎತ್ತಿ ನೋಡಿದ. ಬ್ಯಾಟರಿ ಸತ್ತಿತ್ತು, ಪೆಟ್ರೋಲ್ ಪಂಪು ಕೈಕೊಟ್ಟಿತ್ತು. ಹೆಚ್ಚೆಂದರೆ ಎರಡು ದಿನದ ಕೆಲಸ. ಆದರೆ ಅವನ ಕಣ್ಣು ಎಂಜಿನ್ ಬಿಟ್ಟು ಕದಲಲಿಲ್ಲ. ಈಗೆಲ್ಲೂ ಸಿಗದ ಎರಕದ ಕಬ್ಬಿಣ, ಸಾಲಾಗಿ ನಾಲ್ಕು ಸಿಲಿಂಡರು. ಮೇಲೊಂದು ದಪ್ಪ ಗಾಜು ಹಾಸಿದರೆ ಆಯಿತು, ಎಷ್ಟೋ ವರ್ಷದಿಂದ ಅವನು ಆಸೆಪಟ್ಟ ಮೇಜು. ಐವತ್ತು ದಾಟಿದ ಹೆಂಗಸು ಇನ್ನು ಕಾರು ಕಲಿಯುವುದುಂಟೇ ಎಂದೂ ಅನಿಸಿತು.

"ಎಂಜಿನ್ ಒಳಗೆಲ್ಲ ಹಿಡ್ಕೊಂಡುಬಿಟ್ಟಿದೆ ಅತ್ತಿಗೆ. ಇನ್ನು ಗುಜರಿಗೇ."

ಅವರು ಕಾರಿನ ಬಾಗಿಲನ್ನೊಮ್ಮೆ ಸವರಿದರು. "ಕಂಡವರ ಪಾಲಾಗೋದು ಬೇಡ. ನೀನೇ ತಗೊಂಡು ಹೋಗಿ ಏನಾದರೂ ಮಾಡು. ನಿಮ್ಮಣ್ಣ ಇದ್ದಿದ್ರೂ ಹಾಗೇ ಅಂತಿದ್ರು."

ಮೂರು ತಿಂಗಳು ಅದರಲ್ಲೇ ಮುಳುಗಿದ. ಎಂಜಿನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ, ಉಪ್ಪುಕಾಗದದಿಂದ ಹೊರಮೈ ತಿಕ್ಕಿ ಹೊಳಪು ತಂದ. ಹಿಂದಿನ ಸೀಟು ಸೋಫಾ ಆಯಿತು. ಅದಕ್ಕೆ ಕವರು ಹೊಲಿದುಕೊಟ್ಟವರು ಅತ್ತಿಗೆಯೇ. ಕವರು ತಂದ ದಿನ ಬಲಗೈ ಮೇಲೆತ್ತಲಾಗದೆ ಎಡಗೈಯಲ್ಲಿ ನೀರಿನ ಲೋಟ ಹಿಡಿದರು.

"ಗಂಟು ಹೊತ್ತು ಹೊತ್ತು ಭುಜ ಬಿದ್ದುಹೋಗಿದೆ ನೋಡು," ಎಂದು ನಕ್ಕರು.

ನಿಜ ಹೇಳಿಬಿಡೋಣ ಎಂದು ಅವನು ಬಾಯಿ ತೆರೆದ. "ವ್ಯಾನಿನಲ್ಲಿ ಬಸ್ ಸ್ಟಾಪಿನ ತನಕ ಬಿಡ್ತೀನಿ," ಎಂದಷ್ಟೇ ಹೊರಬಂತು.

ಮುಂದಿನ ವಾರ ಗ್ರಂಥಾಲಯದ ಹಾಲಿನಲ್ಲಿ ಕೈಕೆಲಸದ ಪ್ರದರ್ಶನ. ಅವನ ಮೇಜಿನ ಸುತ್ತಲೇ ಜನ. ಅತ್ತಿಗೆ ತಮ್ಮ ಗಿರಾಕಿಗಳನ್ನೆಲ್ಲ ಕರೆತಂದು ತೋರಿಸುತ್ತಿದ್ದರು. ಅಷ್ಟರಲ್ಲಿ ಒಬ್ಬ ಮುದುಕ ಬಂದು, ತಾನೂ ಮೆಕ್ಯಾನಿಕ್ ಆಗಿದ್ದವನೆಂದು ಹೇಳಿಕೊಂಡು, ಕನ್ನಡಕ ಏರಿಸಿ ಗಾಜಿನ ಮೂಲಕ ಸಿಲಿಂಡರಿನೊಳಗೆ ಇಣುಕಿದ.

"ಇದನ್ನ ಯಾಕ್ರೀ ಬಿಚ್ಚಿದಿರಿ? ಸಿಲಿಂಡರಿನಲ್ಲಿ ಒಂದು ಗೀರೂ ಇಲ್ಲ. ಇನ್ನೂ ಹತ್ತು ವರ್ಷ ಓಡ್ತಿತ್ತು."

ಅವನು ಗಾಜಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದ. ಅತ್ತಿಗೆಯೇ ಮುಂದೆ ಬಂದರು. "ಇಲ್ಲ ಬಿಡಿ, ಪೂರ್ತಿ ಕೆಟ್ಟಿತ್ತು. ನಮ್ಮ ಮೈದುನನೇ ನೋಡಿದ್ದು. ಅವನ ಕೈಲಿ ಆಗಲ್ಲ ಅಂದ್ರೆ ಯಾರ ಕೈಲೂ ಆಗಲ್ಲ."

ಮುದುಕ ಅವನ ಮುಖವನ್ನೊಮ್ಮೆ ನೋಡಿ ಮುಂದೆ ಹೋದ. ಅವನಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನಿಸಿತು.

ಮರುದಿನ ಬೆಳಿಗ್ಗೆ ಅತ್ತಿಗೆಯ ಮನೆಗೆ ಹೋದ. ಅವರು ಹೊಲಿಗೆ ಮೆಷಿನ್ನಿನ ಮುಂದಿದ್ದರು. ಕೂರು ಅಂದರೂ ಕೂರಲಿಲ್ಲ.

"ಎಂಜಿನ್ ಚೆನ್ನಾಗೇ ಇತ್ತು ಅತ್ತಿಗೆ. ನಾನು ಸುಳ್ಳು ಹೇಳಿದೆ."

ಅವರು ಕೈಯಿಂದ ಚಕ್ರ ಹಿಡಿದು ನಿಲ್ಲಿಸಿದರು. "ಯಾಕೆ?"

"ಮೇಜಿನ ಆಸೆಗೆ. ನೀವೆಲ್ಲಿ ಓಡಿಸ್ತೀರಿ ಅಂತಾನೂ ಅಂದುಕೊಂಡೆ."

"ಬೇಕು ಅಂತ ಕೇಳಿದ್ದಿದ್ರೆ ಕೊಡ್ತಿದ್ದೆನೋ ಏನೋ," ಅಂದರು ಅತ್ತಿಗೆ. "ನಿನ್ನೆ ಅಷ್ಟು ಜನರ ಮುಂದೆ ನಿನ್ನ ಪರ ಮಾತಾಡಿದೆನಲ್ಲೋ," ಎಂದು ಹೊಲಿಯುತ್ತಿದ್ದ ಬಟ್ಟೆಯನ್ನು ಸರಿಪಡಿಸಿಕೊಂಡರು.

"ಮೇಜು ತಂದುಕೊಡ್ತೀನಿ."

"ನಂಗ್ಯಾಕೆ? ಅದರ ಮೇಲೆ ಹತ್ತಿಕೊಂಡು ಕೆಲಸಕ್ಕೆ ಹೋಗೋಕಾಗುತ್ತಾ?"

ಮತ್ತೆ ಮೆಷಿನ್ನಿನ ಸದ್ದು ಶುರುವಾಯಿತು. ಅವನು ತಲೆ ತಗ್ಗಿಸಿ ಹೊರಬಂದ.

ಮೂರು ವಾರ ಮಾತಿಲ್ಲ ಕತೆಯಿಲ್ಲ. ನಾಲ್ಕನೇ ಭಾನುವಾರ ಅತ್ತಿಗೆ ತಾವೇ ಗ್ಯಾರೇಜಿಗೆ ಬಂದರು. "ನಿನ್ನ ವ್ಯಾನಿನ ಕೀಲಿ ಕೊಡು. ಪಕ್ಕದಲ್ಲಿ ಕೂತು ಹೇಳಿಕೊಡು."

ಖಾಲಿ ಮೈದಾನದಲ್ಲಿ ವ್ಯಾನು ನಾಲ್ಕು ಸಲ ಮುಗ್ಗರಿಸಿ ನಿಂತಿತು. ಐದನೇ ಸಲ ಚಲಿಸಿತು. ಕ್ಲಚ್ಚು, ಗೇರು ಬಿಟ್ಟರೆ ಬೇರೆ ಮಾತಿಲ್ಲ. ನಾಲ್ಕು ತಿಂಗಳಲ್ಲಿ ಲೈಸೆನ್ಸ್ ಬಂತು. ಅಂದಿನಿಂದ ಮಂಗಳವಾರ, ಶುಕ್ರವಾರ ವ್ಯಾನು ಅವರದು. ಕೆಲಸ ಮುಗಿಸಿ ಕೀಲಿ ಇಟ್ಟು ಹೋಗುತ್ತಿದ್ದರು, ಅಷ್ಟೇ.

ಒಂದು ಶುಕ್ರವಾರ ಹಾಗೆ ಹೋಗಲಿಲ್ಲ. "ಬ್ರೇಕ್ ಕಿರುಗುಟ್ಟುತ್ತೆ. ಏನಿದೆಯೋ ಅದನ್ನೇ ಹೇಳು," ಅಂದರು.

ಅವನು ಚಕ್ರ ಬಿಚ್ಚಿ, ಸವೆದು ಬಿಲ್ಲೆಯಂತಾದ ಬ್ರೇಕ್ ಪ್ಯಾಡನ್ನು ತಂದು ಅವರ ಅಂಗೈಯಲ್ಲಿಟ್ಟ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸರಿ, ಹೊಸದು ಹಾಕು," ಎಂದು ಹೇಳಿ, ಅವನು ಹಾಕಿ ಮುಗಿಸುವ ತನಕ ಅಲ್ಲೇ ನಿಂತು ನೋಡಿದರು.