ಗಂಟು ಕಲಿಸುವವರು ಮನೆಯಲ್ಲಿದ್ದಾರೆ

ಮರಳಿನಲ್ಲಿ ಬಸಳೆ ಬರುವುದಿಲ್ಲ ಎಂದು ಹೇಳಿದವರೆಲ್ಲ ಆಮೇಲೆ ನಮ್ಮ ಮನೆಗೆ ಬಂದು ಬಸಳೆ ಕೊಯ್ದುಕೊಂಡು ಹೋದವರೇ. ಅರ್ಗಾದ ನಮ್ಮ ಅಂಗಳದಲ್ಲಿ ಮೊಳದುದ್ದ ಅಗೆದರೂ ಮಣ್ಣು ಸಿಗುವುದಿಲ್ಲ, ಚಿಪ್ಪು ಸಿಗುತ್ತದೆ. ನಾನು ಭಾವಿಕೇರಿಯ ಒಕ್ಕಲು ಮನೆಯವಳು. ಮದುವೆಯಾಗಿ ಈ ಮೀನುಗಾರರ ಮನೆಗೆ ಬಂದ ಹೊಸತರಲ್ಲಿ ತವರಿನಿಂದ ನಾಲ್ಕು ಚೀಲ ಕೆಂಪು ಮಣ್ಣು ತರಿಸಿದ್ದೆ. ಚಿನ್ನ ತರುವುದು ಬಿಟ್ಟು ಮಣ್ಣು ತಂದಳು ಎಂದು ಕೇರಿಯ ಹೆಂಗಸರು ನಕ್ಕರು. ನಗಲಿ ಬಿಡಿ, ನಕ್ಕವರಿಗೂ ಬಸಳೆ ಕೊಟ್ಟಿದ್ದೇನೆ.

ತೋಟದ ಬಗ್ಗೆ ಬ್ಲಾಗು ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಈ ಸಲದ ಚಳಿಗಾಲದಲ್ಲಿ. ನಿಜ ಹೇಳುತ್ತೇನೆ, ತೋಟ ಬರೀ ನೆವ. ನನ್ನ ಗಂಡ ರೂಪೇಶರ ಬಗ್ಗೆ ಎಲ್ಲಾದರೂ ನಾಲ್ಕು ಮಾತು ಆಡಬೇಕಿತ್ತು. ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮಳೆಗಾಲದ ನಡುವೆಯೇ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ಮೊದಲ ವಾರವೇ ಅವರ ದೋಣಿ ಕೂರ್ಮಗಡ ದ್ವೀಪದ ಆಚೆ ಮಗುಚಿತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು. ರೂಪೇಶ ಬರಲಿಲ್ಲ, ಅವರ ದೇಹವೂ ಬರಲಿಲ್ಲ. ಹುಡುಕುವವರು ಹುಡುಕಿ ಸೋತ ಮೇಲೆ ಕೇರಿಯ ಹಿರಿಯರು ಬಂದು, ದರ್ಭೆಯ ಗೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸಿಬಿಡಿ ಎಂದರು. ನನ್ನ ಅತ್ತೆ ವೈಜಯಂತಿಬಾಯಿ, ನಾನು ಆಯಿ ಎಂದು ಕರೆಯುತ್ತೇನೆ, ಬಾಗಿಲಲ್ಲೇ ನಿಂತು ಹೇಳಿದರು: "ನನ್ನ ಮಗ ಎಂತ ಗೊಂಬೆಯಾ ಸುಡೂಕೆ? ಅವ ಬರ್ತ. ನೀವು ಹೋಗಿ."

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ದಿನವೂ ಮೀನು ತಪ್ಪಲಿಲ್ಲ. ಸಾವಾದ ಮನೆಯೊಳಗೆ ಕ್ರಿಯೆ ಮುಗಿಯುವ ತನಕ ಮೀನು ಬರುವಂತಿಲ್ಲ. ಹಾಗಾಗಿ ದಿನವೂ ಮೀನು ಬೇಯಿಸಿದರೆ ಇದು ಸಾವಿನ ಮನೆಯಲ್ಲ ಎಂದು ಆಯಿಯ ಲೆಕ್ಕ. ಮೈದುನ ಕಿಶನ ದಿನಾ ಸಂಜೆ ತಾರ್ಲೆಯನ್ನೋ ಬಂಗಡೆಯನ್ನೋ ತಂದು ಕೊಡುತ್ತಿದ್ದ. ಆಯಿಗೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಆದರೂ ಮಾಡುತ್ತಿದ್ದರು.

ನನಗೆ ಗೊತ್ತಿತ್ತು, ರೂಪೇಶ ಹೋಗಿಬಿಟ್ಟಿದ್ದಾರೆ ಎಂದು. ನನಗೆ ಬೇಕಾಗಿದ್ದದ್ದು ಅಳುವುದು, ಅಷ್ಟೇ. ಕಣ್ಣು ಸ್ವಲ್ಪ ಒದ್ದೆಯಾದರೂ ಆಯಿ ಹರಿಹಾಯುತ್ತಿದ್ದರು. "ಜೀವ ಇದ್ದವನ ಮೇಲೆ ಅಳ್ತಾರೇನೆ? ಅವನಿಗೆ ಕೇಡು ಬಯಸ್ತೆಯಾ?" ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತರೂ ಅವರಿಗೆ ಕೇಳಿಸುತ್ತಿತ್ತು. ಅಣ್ಣ ಹರೀಶ, ಭಾವಿಕೇರಿಗೆ ಬಂದುಬಿಡು, ಇಲ್ಲಾದರೂ ಅತ್ತು ಹಗುರಾಗು ಎಂದ. ಹೋಗಬಹುದಿತ್ತು. ಆದರೆ ನಾನು ಹೋದರೆ ಈ ಮುದುಕಿ ಯಾರೂ ತಿನ್ನದ ಮೀನು ಕೊಯ್ಯುತ್ತ ಒಬ್ಬಳೇ ಕೂರುತ್ತಾಳೆ. ಸಿಟ್ಟು ಎಷ್ಟಿದ್ದರೂ ಅಷ್ಟು ಕಲ್ಲಾಗಲು ನನ್ನಿಂದ ಆಗಲಿಲ್ಲ.

ಹಾಗೆ ಬ್ಲಾಗು ಶುರುವಾಯಿತು. 'ಮರಳು ಬಸಳೆ' ಎಂದು ಹೆಸರಿಟ್ಟೆ. ಮೊಬೈಲಿನಲ್ಲೇ ಟೈಪು ಮಾಡಿದೆ. ಮರಳಿಗೆ ಕೆಂಪು ಮಣ್ಣು, ಸಗಣಿ, ಕೊಳೆತ ತರಗೆಲೆ ಎಷ್ಟೆಷ್ಟು ಬೆರೆಸಬೇಕು, ಮೀನು ತೊಳೆದ ನೀರನ್ನು ಬುಡದಿಂದ ಎಷ್ಟು ದೂರ ಹಾಕಬೇಕು, ಮೀನಿನ ತಲೆ ಹೂಳಿದರೆ ಊರಿನ ಬೆಕ್ಕುಗಳೆಲ್ಲ ಬಂದು ಗಿಡ ಕಿತ್ತು ಹಾಕುವ ಪರಿ, ಎಲ್ಲ ಬರೆದೆ. ಆಮೇಲೆ ಚಪ್ಪರಕ್ಕೆ ಬಂದೆ. ನಮ್ಮ ಚಪ್ಪರ ಬಿದಿರಿನದಲ್ಲ. ಗಾಳಿಮರದ ಗೂಟ ನೆಟ್ಟು, ಮೇಲೆ ಹಳೇ ಬಲೆ ಬಿಗಿದು, ನಾಲ್ಕೂ ಮೂಲೆಯ ಹಗ್ಗವನ್ನು ಮರಳು ತುಂಬಿದ ಚೀಲಕ್ಕೆ ಕಟ್ಟಿ ಆಳಕ್ಕೆ ಹೂಳಿದ್ದು. ಕಳೆದ ಮಳೆಗಾಲದ ಗಾಳಿಗೆ ಪಕ್ಕದ ಮನೆಯ ತಗಡು ಹಾರಿತು, ನಮ್ಮ ಚಪ್ಪರ ಅಲುಗಲಿಲ್ಲ. ಅದಕ್ಕೆ ಕಾರಣ ರೂಪೇಶ ಹಾಕಿದ ಗಂಟು.

ಆಯಿಗೆ ಕನ್ನಡ ಓದಲು ಬರುವುದಿಲ್ಲ, ಎರಡನೇ ಇಯತ್ತೆಯ ತನಕ ಕಲಿತದ್ದು ಮರಾಠಿ ಶಾಲೆಯಲ್ಲಿ. ಏನು ಬರೆದೆ, ಓದಿ ಹೇಳು ಅಂದರು. ಓದಿದೆ. "ಚಪ್ಪರ ಕಟ್ಟಿದ್ದು ನಮ್ಮ ಮನೆಯವರು. ಎಳೆದಷ್ಟೂ ಬಿಗಿಯಾಗುವ ಗಂಟು ಹಾಕುತ್ತಿದ್ದರು" ಎಂಬಲ್ಲಿಗೆ ಬಂದಾಗ ಶೆಟ್ಲಿ ಸೀಗಡಿ ಸುಲಿಯುತ್ತಿದ್ದ ಅವರ ಕೈ ನಿಂತಿತು.

"ಹಾಕ್ತಿದ್ರು ಅಂದ್ರೆ ಎಂತ ಗೋ? ಈಗ ಹಾಕೂದಿಲ್ಲ?"

ನಾನು ಆ ಸಾಲನ್ನು ಮತ್ತೊಮ್ಮೆ ಓದಿಕೊಂಡೆ.

"ಹಾಕ್ತಾರೆ ಅಂತ ಬರಿ. ಕಲಿಯೂ ಮನಸ್ಸಿದ್ದವ್ರು ಮನೆಗೆ ಬರ್ಲಿ, ರೂಪೇಶ ಕಲಿಸ್ತ. ಅದನ್ನೂ ಬರಿ."

ನನಗೆ ಮೈಯೆಲ್ಲ ಉರಿಯಿತು. ಹೇಳಿಕೊಳ್ಳಲೆಂದು ತೆರೆದ ಒಂದು ಕಿಂಡಿಯನ್ನೂ ಮುಚ್ಚಿಸಿದರಲ್ಲ ಎಂದು. ಆದರೂ ಅವರು ಹೇಳಿದ ಹಾಗೇ ಬರೆದೆ. 'ಗಂಟು ಹಾಕುತ್ತಾರೆ. ಕಲಿಯಬೇಕೆಂದವರು ಅರ್ಗಾಕ್ಕೆ ಬನ್ನಿ, ಅವರೇ ಕಲಿಸುತ್ತಾರೆ.' ಈ ಹಾಳು ಬ್ಲಾಗು ಓದಿ ಯಾರು ಬರುತ್ತಾರೆ ಎಂದುಕೊಂಡೆ. ಓದಿದವರೆಂದರೆ ಅಣ್ಣ ಹರೀಶ, ಅವನ ಹೆಂಡತಿ, ಮತ್ತೆ ಯಾವನೋ ಗೊಬ್ಬರ ಮಾರುವವನು.

ಹೋಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಒಂದು ಮೊಗೆಕಾಯಿ.

"ಬಸಳೆ ಚಪ್ಪರದ ಮನೆ ಇದೇ ಅಲ್ದನೆ? ನಾ ಬೊಮ್ಮಿ, ಸುಂಕಸಾಳದವ್ಳು. ನಮ್ಮನೆ ಸೊಸೆ ಮೊಬೈಲಲ್ಲಿ ಓದಿ ಹೇಳ್ತು. ನಮ್ಮ ಚಪ್ಪರ ಗಾಳಿಗೆ ನಿಲ್ಲೂದೇ ಇಲ್ಲ, ಮಾರಾಯ್ತಿ. ಗಂಟು ಕಲ್ಸೂರು ಎಲ್ಲವ್ರೆ?"

ನಾನು ಬಾಯಿ ತೆರೆಯುವ ಮೊದಲೇ ಆಯಿ ಹೊರಗೆ ಬಂದಿದ್ದರು. "ಸಮುದ್ರಕ್ಕೆ ಹೋಗಿದ್ದ," ಅಂದರು.

"ಅಡ್ಡಿಲ್ಲ. ಬರೂವರಿಗೆ ಕೂತ್ಕಂತೆ," ಎಂದು ಬೊಮ್ಮಿ ಜಗುಲಿಯ ಮೇಲೆ ಕುಳಿತೇಬಿಟ್ಟಳು.

ಆಯಿ ಚಹಾ ಕೊಟ್ಟರು. ಮಧ್ಯಾಹ್ನ ತಾರ್ಲೆ ಸಾರು, ಅನ್ನ ಬಡಿಸಿದರು. ರೂಪೇಶ ಚಿಕ್ಕವರಿದ್ದಾಗ ಶಾಲೆ ತಪ್ಪಿಸಿ ದೋಣಿಯಡಿ ಮಲಗುತ್ತಿದ್ದ ಕತೆ ಹೇಳಿ ನಗಿಸಿದರು. ಬೊಮ್ಮಿ ಚಪ್ಪರದ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಬಿಚ್ಚಿ ನೋಡುವ ಧೈರ್ಯ ಮಾಡಲಿಲ್ಲ. ಮತ್ತೆ ಬಂದು ಕುಳಿತಳು. ರಸ್ತೆಯಲ್ಲಿ ಬೈಕಿನ ಸದ್ದಾದರೆ ಸಾಕು, ಕತ್ತು ಎತ್ತಿ ನೋಡುತ್ತಿದ್ದಳು. ಅಲ್ಲವೆಂದು ಗೊತ್ತಾದ ಕೂಡಲೇ ಸೆರಗು ಸರಿಮಾಡಿಕೊಂಡು ಮತ್ತೆ ಕಾಯುತ್ತಿದ್ದಳು. ಆಯಿ ಈಗ ರಸ್ತೆಯನ್ನು ನೋಡುವುದು ಬಿಟ್ಟು ಅವಳನ್ನೇ ನೋಡತೊಡಗಿದ್ದರು.

ನಾನು ಅಡುಗೆಮನೆಗೆ ಕರೆದು ಹೇಳಿದೆ: "ಆಯಿ, ಪಾಪದ ಹೆಂಗಸು, ಎರಡು ಬಸ್ಸು ಹತ್ತಿ ಬಂದವಳು. ನೀವು ಹೇಳ್ತೀರೋ, ನಾನು ಹೇಳ್ಲೋ?"

"ನೀನು ಹೇಳಬೇಡ," ಅಂದರು. ಗಟ್ಟಿಯಾಗಿ ಗದರಲಿಲ್ಲ, ಬೇಡಿಕೊಂಡ ಹಾಗೆ ಹೇಳಿದರು. ಆ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ.

ಬಿಸಿಲು ಇಳಿಯಿತು. ಬೊಮ್ಮಿ ಎದ್ದು ಮೈ ಮುರಿದಳು. "ಈಗ ಹೊರಟ್ರೆ ಅಂಕೋಲೆಲಿ ಕಡೇ ಬಸ್ಸು ಸಿಗ್ತದೆ. ಆದ್ರೆ ಇಷ್ಟು ದೂರ ಬಂದು ಬರಿಗೈಲಿ ಹೋಗೂದು ಹೆಂಗೆ? ನಿಮ್ಮ ಜಗುಲಿಲೇ ಒಂದು ಚಾಪೆ ಕೊಡಿ, ಮಲಕ್ಕಂತೆ. ಕಡಲಿಗೆ ಹೋದವ್ರು ಬೆಳಗಾಗೂದ್ರೊಳಗೆ ಬಂದೇ ಬರ್ತ್ರಲೆ?"

ಆಯಿ ಕಂಬ ಹಿಡಿದುಕೊಂಡು ಎದ್ದರು. ಬೊಮ್ಮಿಯ ಚೀಲ ಎತ್ತಿ ಅವಳ ಕೈಗೆ ಕೊಟ್ಟರು.

"ಹೋಗು ಬಾಯಿ, ಬಸ್ಸು ತಪ್ಪಿಸ್ಕಳಬೇಡ. ಅವ ಬರೂದಿಲ್ಲ."

"ನಾಳೆಗೆ?"

"ನಾಳೆನೂ ಬರೂದಿಲ್ಲ. ನನ್ನ ಮಗ ಸಮುದ್ರದಲ್ಲಿ ಹೋದ. ಮಳೆಗಾಲದಲ್ಲೇ ಹೋದ."

ಬೊಮ್ಮಿ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ, ಅವಳು ಬೇರೇನೂ ಕೇಳಲಿಲ್ಲ. "ಅಯ್ಯೋ ದೇವ್ರೆ, ಬೆಳಗಿಂದ ನಿಮಗೆಂತ ಶಿಕ್ಷೆ ಕೊಟ್ಟೆ ನಾನು," ಎಂದು ಆಯಿಯ ಎರಡೂ ಕೈ ಹಿಡಿದುಕೊಂಡು ನಿಂತಳು. ನಾನು ಬಸಳೆಯ ನಾಲ್ಕು ಬಳ್ಳಿ ಕೊಯ್ದು ಅವಳ ಚೀಲಕ್ಕೆ ಹಾಕಿದೆ. ರಸ್ತೆಯ ತನಕ ಹೋಗಿ ಬಸ್ಸು ಹತ್ತಿಸಿ ಬಂದೆ.

ತಿರುಗಿ ಬಂದಾಗ ಆಯಿ ಹೊಸ್ತಿಲ ಮೇಲೆ ಕುಳಿತಿದ್ದರು. ಕಿಶನ ಎಂದಿನಂತೆ ಬಂಗಡೆಯ ಪ್ಲಾಸ್ಟಿಕ್ ಕೊಟ್ಟೆ ಹಿಡಿದು ಬಂದ.

"ಒಳಗೆ ತರಬೇಡ ರೆ," ಅಂದರು ಆಯಿ. "ಮನೇಲಿ ಸೂತಕ."

ಕಿಶನ ಕೊಟ್ಟೆ ಹಿಡಿದುಕೊಂಡೇ ಅಂಗಳದಲ್ಲಿ ನಿಂತುಬಿಟ್ಟ. "ವೈನಿ?" ಎಂದು ಅತ್ತಿಗೆಯಾದ ನನ್ನನ್ನು ಕೇಳಿದ.

"ಅವಳನ್ನೆಂತ ಕೇಳ್ತೆ, ನಾ ಹೇಳಿದ್ದು. ಮೀನು ಯಾರಿಗಾದ್ರೂ ಕೊಡು. ನಾಳೆ ಬೆಳಿಗ್ಗೆ ಭಟ್ರ ಹತ್ರ ಹೋಗಿ ದರ್ಭೆ ಗೊಂಬೆಗೆ ಹೇಳಿ ಬಾ."

ಅಷ್ಟು ಹೇಳಿ ಅವರು ಹೊಸ್ತಿಲಲ್ಲೇ ಸ್ವಲ್ಪ ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟರು. ನಾನು ಕುಳಿತೆ. ಇಷ್ಟು ತಿಂಗಳು ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಬಂತು. ಕೇರಿಗೆಲ್ಲ ಕೇಳುವ ಹಾಗೆ, ಗಂಡನ ಹೆಸರು ಹಿಡಿದು ಕೂಗಿ ಕೂಗಿ ಅತ್ತೆ. ಆಯಿ ತಡೆಯಲಿಲ್ಲ.