ಮೂಳೆಯಮ್ಮ

ಅತ್ತೆ ಒಳಗೆ ಬರುವಷ್ಟರಲ್ಲಿ ಮಗಳು ತೀರಿಕೊಂಡ ತಾಯಿಯ ಎರಡೂ ಕೈಗಳನ್ನು ಹೊದಿಕೆಯೊಳಗೆ ತೂರಿಸಿ, ಅಂಚನ್ನು ಮೈಕೆಳಗೆ ಮಡಚಿದಳು. ಕಲ್ಲಿನ ಮೇಲೆ ಮೂಳೆ ತೇಯ್ದು ತೇಯ್ದು ಆ ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಪಾಠ ಹೇಳಿದ ಕೈ ಇದಲ್ಲವೆಂದು ನೋಡಿದವರಿಗೆ ತಿಳಿದುಬಿಡುತ್ತಿತ್ತು.

“ಎಷ್ಟು ಮಕ್ಕಳಿಗೆ ಕಲಿಸಿದ ಜೀವವೋ ಪಾಪ,” ಅತ್ತೆ ನಿಟ್ಟುಸಿರುಬಿಟ್ಟರು. “ಶಿಷ್ಯರು ಒಬ್ರೂ ಕಾಣಿಸ್ತಿಲ್ವಲ್ಲೇ?”

“ಕಾಲೇಜಿಗೆ ರಜಾ ಇರ್ಬೇಕು ಅತ್ತೆ.”

*

ಚಿಕ್ಕಂದಿನಲ್ಲಿ ತಾಯಿ ಒಮ್ಮೆ ಅವಳನ್ನು ವೈದ್ಯಕೀಯ ಕಾಲೇಜಿನ ಲ್ಯಾಬಿಗೆ ಕರೆದೊಯ್ದಿದ್ದಳು. ಒಣಮೂಳೆಯ ಬಿಲ್ಲೆಯನ್ನು ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದು ಗಾಜಿಗೆ ಅಂಟಿಸುವುದು ತಾಯಿಯ ಕೆಲಸ. ಸೂಕ್ಷ್ಮದರ್ಶಕದೊಳಗೆ ನಡುವೆ ಒಂದು ತೂತು, ಸುತ್ತ ಒಂದರಾಚೆ ಒಂದು ಬಳೆ. ಬಳೆಗಳ ಸಂದಿಯಲ್ಲಿ ಕಾಲು ಚಾಚಿದ ಇರುವೆಗಳಂಥ ಕಪ್ಪು ಚುಕ್ಕೆಗಳು.

“ಆ ತೂತಲ್ಲಿ ರಕ್ತ ಓಡ್ತಿತ್ತು ಕಣೇ. ಚುಕ್ಕೆ ಅಂದ್ರೆ ಒಂದೊಂದು ಜೀವದ ಕೋಣೆ. ಕಲ್ಲಂಥ ಗೋಡೆ ಮಧ್ಯೆ ಕೂತಿದ್ರೂ ಈ ಎಳೆಯಂಥ ದಾರೀಲಿ ಪಕ್ಕದವಕ್ಕೆ ಊಟ ದಾಟಿಸ್ತಿದ್ವು.”

ಅಂದು ಸಂಜೆ ಮಗಳು, “ಆ ಕೈಲಿ ನಂಗೆ ತುತ್ತು ಕೊಡ್ಬೇಡ” ಎಂದಳು. ತಾಯಿ ಎದ್ದು ಚಮಚ ತಂದಳು. ವರ್ಷಗಳ ಮೇಲೆ ತನ್ನ ಮದುವೆಯ ಮಾತು ನಡೆದಾಗ ಮಗಳು, “ಹುಡುಗನ ಮನೆಯವ್ರಿಗೆ ನೀನು ಲೆಕ್ಚರರ್ ಅಂತ ಹೇಳಿದೀನಿ” ಎಂದಳು.

“ಅಯ್ಯೋ, ಒಂದೇ ಏಟಿಗೆ ಪ್ರಮೋಷನ್ ಕೊಟ್ಬಿಟ್ಯಲ್ಲೇ!” ಎಂದು ತಾಯಿ ನಕ್ಕಿದ್ದಳು.

*

ಲ್ಯಾಬಿನ ಹಳೆಯ ಅಟೆಂಡರ್ ಬಾಗಿಲಲ್ಲಿ ಕಂಡಾಗ ಮಗಳು ಥಟ್ಟನೆ ಎದ್ದಳು.

“ನೀವು ಕಾಲೇಜಿನವರಾ?” ಅತ್ತೆ ಕೇಳಿದರು.

“ಹೌದಮ್ಮಾ. ಮೇಡಂ ಪಾಠಕ್ಕೆ ನಿಂತ್ರೆ ಇಡೀ ಕ್ಲಾಸು ಗಪ್‌ಚುಪ್,” ಎಂದ ಆತ, ಕಣ್ಣು ಮಿಟುಕಿಸದೆ.

ಆತ ಕೈಮುಗಿದು ಹೊರಟಾಗ ಮಗಳು ಹಿಂದೆಯೇ ಗೇಟಿನವರೆಗೆ ಓಡಿದಳು. “ಮಾಮಾ, ಯಾಕೆ ಹಾಗಂದ್ರಿ?”

“ಅಕ್ಕ ಹೋಗೋ ಮುಂಚೆ ಆಸ್ಪತ್ರೇಲಿ ನನ್ ಹತ್ರ ಮಾತು ತಗೊಂಡಿದ್ಲು ಪುಟ್ಟಿ, ನಿನ್ನ ಅತ್ತೆಮನೆಯವ್ರ ಮುಂದೆ ಬಾಯಿ ಬಿಡಬಾರ್ದು ಅಂತ. ಕಾಲೇಜಿನ ಹುಡುಗ್ರೂ ಬಂದಿದಾರೆ. ಒಳಗೆ ಬಂದು ‘ಮೂಳೆಯಮ್ಮ’ ಅಂತ ಅತ್ರೆ ನಿಂಗೆ ಕಷ್ಟ. ಅದಕ್ಕೇ ಆಚೇನೇ ನಿಲ್ಸಿದೀನಿ.”

ರಸ್ತೆಯಾಚೆ ಸುಡುಬಿಸಿಲಲ್ಲಿ ವಿದ್ಯಾರ್ಥಿಗಳು ಹೂ ಹಿಡಿದು ನಿಂತಿದ್ದರು.

ಶವದ ವ್ಯಾನು ಹೊರಟಿತು. “ಯಾರೇ ಅವರೆಲ್ಲ?” ಎಂದು ಅತ್ತೆ ವ್ಯಾನಿನ ಕಿಟಕಿಯಿಂದ ಇಣುಕಿದರು.

ಶಿಷ್ಯರು ಎಂದರೆ ಅತ್ತೆ ವ್ಯಾನು ನಿಲ್ಲಿಸಿ ಮಾತಿಗೆಳೆಯುವುದು ಖಂಡಿತ.

“ಗೊತ್ತಿಲ್ಲ ಅತ್ತೆ.”

ಹಿಂದಿನ ಗಾಜಿನಲ್ಲಿ ಅವರು ಒಬ್ಬೊಬ್ಬರಾಗಿ ರಸ್ತೆಗಿಳಿದರು. ಯಾರ ಕಡೆಯವರೆಂದು ಯಾರಿಗೂ ತಿಳಿಯದಷ್ಟು ದೂರ ಬಿಟ್ಟು, ತಲೆತಗ್ಗಿಸಿ, ವ್ಯಾನಿನ ಹಿಂದೆ ನಡೆಯತೊಡಗಿದರು.