‘ಕೈ’ಗೂ ‘ಕೊಟ್ಟರು’ಗೂ ನಡುವೆ

ಒಂಟಿಕಾಲು ಡಾಕ್ಟರು ನಮ್ಮ ಮನೆಗೆ ಬಂದಾಗ ಎರಡೂ ಕಾಲೂರಿ ನಿಂತಿದ್ದರು. ಅದನ್ನು ನೋಡಿಯೇ ವಿಷಯ ಗಂಭೀರವಾಗಿದೆ ಎಂದು ನನಗೆ ಗೊತ್ತಾಯಿತು.

ಒಂದು ಕಾಲದಲ್ಲಿ ಟಿ.ವಿ. ಹಾಕಿದರೆ ಅವರೇ. ತಲೆನೋವಿಗೆ ಎಡಗಾಲಲ್ಲಿ ನಿಲ್ಲಿ, ಹೊಟ್ಟೆನೋವಿಗೆ ಬಲಗಾಲಲ್ಲಿ ನಿಲ್ಲಿ, ಅತ್ತೆ ಸೊಸೆ ಜಗಳಕ್ಕೆ ಇಬ್ಬರೂ ಎದುರುಬದುರು ನಿಲ್ಲಿ. ಅರ್ಧ ಊರು ಕೊಕ್ಕರೆಯ ಹಾಗೆ ನಿಂತಿತು. ಇನ್ನರ್ಧ ಊರು ಅವರನ್ನು ಕೋರ್ಟಿಗೆಳೆಯಿತು. ನಿಂತು, ಬಿದ್ದು, ಸೊಂಟ ಉಳುಕಿಸಿಕೊಂಡ ನನ್ನ ನಾದಿನಿ ಎರಡೂ ಗುಂಪಿನಲ್ಲಿದ್ದಳು.

ಇತಿಹಾಸ ಓದಿದ ನನ್ನ ಮೊಮ್ಮಗಳು ಇಂಥ ಟಿ.ವಿ. ವೈದ್ಯರ ಮೇಲೆ ಪುಸ್ತಕ ಬರೆದಿದ್ದಳು. ಮರುದಿನ ಅದು ಅಚ್ಚಿಗೆ ಹೋಗಬೇಕಿತ್ತು.

“ಆ ಒಂದು ಸಾಲು ತೆಗೆದುಬಿಡು ತಾಯಿ,” ಎಂದರು ಡಾಕ್ಟರು. “ಹುಚ್ಚ ಅನ್ನು, ಒಪ್ಕೋತೀನಿ. ಕಷ್ಟದಲ್ಲಿದ್ದವನನ್ನ ಬಿಟ್ಟು ಓಡಿಹೋದ ಅಂತ ಮಾತ್ರ ಅನ್ನಬೇಡ. ನಾನು ಸತ್ತ ಮೇಲೂ ಅದೇ ಉಳಿಯತ್ತೆ.”

ಆ ಸಾಲಿನ ಮೂಲ ಹಳೆಯ ಪತ್ರಿಕೆಯೊಂದರ ತಲೆಬರಹ: ‘ಒಂಟಿಕಾಲು ಡಾಕ್ಟರು ಕೈಕೊಟ್ಟರು: ಟೈಲರ್ ಹೇಳಿಕೆ’. ಅದನ್ನು ನೋಡಿ, ಬಿದ್ದ ಟೈಲರನ್ನು ಬಿಟ್ಟು ಡಾಕ್ಟರು ಓಡಿಹೋದರೆಂದು ಒಬ್ಬರು ಪುಸ್ತಕ ಬರೆದರು, ಅವರನ್ನು ನೋಡಿ ಇನ್ನೊಬ್ಬರು.

“ಎಲ್ಲಾ ಪುಸ್ತಕದಲ್ಲೂ ಹಾಗೇ ಇದೆ ತಾತ. ನಿಮ್ಮ ಮಾತಿಗೆ ಏನು ಆಧಾರ?” ಎಂದು ಮೊಮ್ಮಗಳು ಡಾಕ್ಟರನ್ನು ಕೇಳಿದಳು.

“ನನ್ನ ಆತ್ಮಕಥೆ!”

“ಮೊದಲ ಮುದ್ರಣದಲ್ಲಿ ಟೈಲರನ್ನ ಬಾವಿಯಿಂದ ಎತ್ತಿದ್ದೀರಿ. ಎರಡನೇದರಲ್ಲಿ ಕೆರೆಯಿಂದ. ಮೂರನೇದರಲ್ಲಿ ತುಂಬಿದ ನದಿ, ಮೊಸಳೆ ಬೇರೆ.”

“ಮೊಸಳೆ ಪ್ರಕಾಶಕರು ಹಾಕಿಸಿದ್ದು,” ಎಂದು ಡಾಕ್ಟರು ನೆಲ ನೋಡಿದರು.

“ಆ ಟೈಲರನ್ನೇ ಯಾರಾದರೂ ಕೇಳಿದ್ದೀರೇನೇ?” ಎಂದೆ ನಾನು.

ಮೊಮ್ಮಗಳು ಚಪ್ಪಲಿ ಹಾಕಿಕೊಂಡಳು. ನಾನೂ ಡಾಕ್ಟರೂ ಹಿಂದೆಯೇ ಹೊರಟೆವು.

ಟೈಲರ್ ಅಂಗಡಿ ಪಕ್ಕದ ಬೀದಿಯಲ್ಲೇ ಇತ್ತು. ಮುಂದೆ ತೆರೆದ ಚರಂಡಿ, ದಾಟಲು ಒಂದು ಹಲಗೆ. ಮುದುಕ ಟೈಲರ್ ಕತ್ತಿನಲ್ಲಿ ಟೇಪು ನೇತುಹಾಕಿಕೊಂಡು ಯಂತ್ರ ತುಳಿಯುತ್ತಿದ್ದರು. ನನ್ನನ್ನು ಕಂಡೊಡನೆ ಎದ್ದು, ಬಟ್ಟೆಚೂರು ತುಂಬಿದ ತಮ್ಮ ಮೆತ್ತೆಯನ್ನು ತಟ್ಟಿ ಸ್ಟೂಲಿನ ಮೇಲೆ ಹಾಕಿಕೊಟ್ಟರು. ಎಲ್ಲರಿಗೂ ಚಹಾ, ಬಿಸ್ಕತ್ತು ತಂದರು.

“ಡಾಕ್ಟ್ರು ಕೈಕೊಟ್ಟರು ಅಂತ ನೀವು ಹೇಳಿದ್ದು ನಿಜಾನಾ?” ಎಂದು ಮೊಮ್ಮಗಳು ಕೇಳಿದಳು.

“ನಿಜ. ಕೊಟ್ಟರಲ್ಲ!”

ಡಾಕ್ಟರ ಮುಖ ಹುಳ್ಳಗಾಯಿತು.

“ಈ ಚರಂಡಿಗೇ ಬಿದ್ದಿದ್ದೆ ಕಣಮ್ಮ. ಮೊಣಕಾಲುದ್ದ ಕೆಸರು. ಬಂದವರೆಲ್ಲ ಮೂಗು ಮುಚ್ಕೊಂಡು ತಮಾಷೆ ನೋಡಿದ್ರು. ಇವರೊಬ್ಬರೇ ಬಗ್ಗಿ ಕೈ ಕೊಟ್ಟರು. ಹೀಗೆ!” ಟೈಲರ್ ಕೈ ಚಾಚಿ ತೋರಿಸಿದರು.

“ಕೈ,” ಎಂದಳು ಮೊಮ್ಮಗಳು. ಸ್ವಲ್ಪ ಹೊತ್ತು ಬಿಟ್ಟು, “ಕೊಟ್ಟರು,” ಎಂದಳು. “ಅಯ್ಯೋ ಅಜ್ಜಿ, ಪತ್ರಿಕೆಯವರು ನಡುವೆ ಜಾಗ ಬಿಟ್ಟಿಲ್ಲ!”

“ಎಲ್ಲಿಂದ ಬಿಡ್ತಾರೆ?” ಎಂದರು ಟೈಲರ್. “ಪಕ್ಕದಲ್ಲೇ ಹಲ್ಲುಪುಡಿ ಜಾಹೀರಾತು.”

ಡಾಕ್ಟರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. “ಇಷ್ಟು ವರ್ಷ ಯಾಕಯ್ಯಾ ಸುಮ್ಮನಿದ್ದೆ?”

“ಕೇಳಿದವರು ಯಾರು? ನೀವೂ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಆಗಿದ್ದಕ್ಕೆ ನಾಚಿಕೆಯೇನೋ ಅಂದ್ಕೊಂಡೆ. ಅದನ್ನೂ ಹೇಳಲಾ?”

“ಬೇಡ,” ಎಂದರು ಡಾಕ್ಟರು.

“ಹೇಳಿ,” ಎಂದಳು ಮೊಮ್ಮಗಳು.

“ಇವರು ಒಂಟಿಕಾಲಲ್ಲಿ ನಿಂತು ಕೈ ಕೊಟ್ಟರಮ್ಮ! ನಾನು ಹಿಡಿದು ಎಳೆದೆ. ದೊಪ್ಪಂತ ನನ್ನ ಮೇಲೇ ಬಿದ್ದರು. ಸೊಂಟದ ತನಕ ಕೆಸರು...”

“ಈಗ ತಾನೇ ಮೊಣಕಾಲು ಅಂದ್ರಿ?”

“ಇಬ್ಬರು ಬಿದ್ದರೆ ಕೆಸರು ಏರಲ್ವಾ?”

ಚಹಾ ಮುಗಿಯುವಷ್ಟರಲ್ಲಿ ಕೆಸರು ಕುತ್ತಿಗೆಗೆ ಬಂದಿತ್ತು. ಮೊಮ್ಮಗಳು ‘ಆಳ: ಖಚಿತವಿಲ್ಲ’ ಎಂದು ಗುರುತು ಹಾಕಿಕೊಂಡಳು.

“ಆದರೆ ಒಂದು ಮಾತು,” ಎಂದರು ಟೈಲರ್, ದನಿ ತಗ್ಗಿಸಿ. “ನಮ್ಮಿಬ್ಬರನ್ನ ಎತ್ತೋ ತನಕ ಇವರು ನನ್ನ ಕೈ ಬಿಡಲಿಲ್ಲ. ಇವರ ಹರಿದ ಪ್ಯಾಂಟು ನಾನೇ ಹೊಲಿದುಕೊಟ್ಟೆ. ಬೂದು ಬಣ್ಣ. ಒಳ್ಳೇ ಬಟ್ಟೆ.”

ಬಣ್ಣ ಸರಿಯೆಂದು ಡಾಕ್ಟರು ತಲೆಯಾಡಿಸಿದರು.

“ತಾತ, ಓಡಿಹೋದ್ರಿ ಅನ್ನೋದನ್ನ ತೆಗೀತೀನಿ,” ಎಂದಳು ಮೊಮ್ಮಗಳು. “ಆದರೆ ಬರೆದರೆ ಪೂರ್ತಿ ಬರೀಬೇಕು. ನದಿ ಹೋಗಿ ಚರಂಡಿ ಬರತ್ತೆ.”

“ಚರಂಡಿಯೂ ಕೊನೆಗೆ ನದಿಗೇ ಸೇರೋದಲ್ವೇನಮ್ಮ?”

“ಒಂಟಿಕಾಲಿಂದಾನೇ ಬಿದ್ರಿ ಅನ್ನೋದೂ ಬರತ್ತೆ.”

ಡಾಕ್ಟರು ಹೊರಗಿನ ಚರಂಡಿಯನ್ನು ನೋಡಿದರು. ಟೈಲರನ್ನು ನೋಡಿದರು. ಜೀವಮಾನವೆಲ್ಲ ಮಾರಿದ ವಿದ್ಯೆ ಅದೊಂದೇ, ಪಾಪ. ನಾನು ನನ್ನ ಬಿಸ್ಕತ್ತನ್ನು ಅವರ ತಟ್ಟೆಗೆ ಸರಿಸಿದೆ.

“ಬರಿ,” ಎಂದರು ಕೊನೆಗೆ. “ಮೊಸಳೆ ಹೋದರೆ ಹೋಗಲಿ.”

ಮೊಮ್ಮಗಳು ಅಲ್ಲೇ ಕತ್ತರಿಸುವ ಮೇಜಿನ ಮೇಲೆ ಹಾಳೆಯಿಟ್ಟು ಬರೆದಳು: ‘ಡಾಕ್ಟರು ಕೈ ಕೊಟ್ಟರು. ಕಾಲು ಕೈಕೊಟ್ಟಿತು. ಆದರೂ ಅವರು ಕೈಬಿಡಲಿಲ್ಲ.’

ಡಾಕ್ಟರು ಕನ್ನಡಕ ಏರಿಸಿ ಓದಿದರು. “ಮೊದಲನೇದರಲ್ಲಿ ಇನ್ನೊಂಚೂರು ಜಾಗ ಬಿಡು ತಾಯಿ,” ಎಂದರು. ಅವಳು ಒಂದು ಬೆರಳಗಲ ಬಿಟ್ಟಳು.

ಹೊರಡುವಾಗ ಡಾಕ್ಟರು ಮೊದಲು ಹಲಗೆ ದಾಟಿ, ತಿರುಗಿ ನನ್ನತ್ತ ಕೈ ಚಾಚಿದರು. ಹಿಡಿಯುವ ಮೊದಲು ನಾನು ಅವರ ಪಾದ ನೋಡಿದೆ.

“ಬನ್ನಿ ಅಮ್ಮಾವ್ರೇ,” ಎಂದರು, ಎರಡೂ ಕಾಲನ್ನು ಅಗಲಿಸಿ ಊರಿಕೊಳ್ಳುತ್ತ. “ಈ ಸಲ ಆಧಾರ ಗಟ್ಟಿಯಾಗಿದೆ.”